ಏಳನೇ ಸೆಮಿಸ್ಟರ್: ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಂಚಿಕೆಗೆ ಬಂದ ಪ್ರಶ್ನೆಗಳೆಲ್ಲ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳ ಅಂತಿಮ ವರ್ಷದ ಕಂಪ್ಯೂಟರ್ ವಿದ್ಯಾರ್ಥಿಗಳವು. ಅಂಕ, ಹಾಜರಾತಿಯ ಲೆಕ್ಕ 2022ರ ಸ್ಕೀಮ್‌ಗೆ ಅನ್ವಯ.

ಪ್ರಶ್ನೆ: ಪ್ಲೇಸ್‌ಮೆಂಟ್ ಡ್ರೈವ್‌ಗಳಿಗೆ ಓಡಾಡಿ ಒಂದು ವಿಷಯದಲ್ಲಿ ಹಾಜರಾತಿ ಕುಸಿದಿದೆ. ನಡೆದ 27 ತರಗತಿಗಳಲ್ಲಿ 21ಕ್ಕೆ ಹಾಜರಾಗಿದ್ದೇನೆ. ಅದೇ ವಿಷಯದ ಸಿಐಇ (ಸೆಮಿಸ್ಟರ್ ಉದ್ದಕ್ಕೂ ಕಾಲೇಜು ಕೊಡುವ ಆಂತರಿಕ ಅಂಕ) 50ಕ್ಕೆ 21ರ ಆಸುಪಾಸು ನಿಲ್ಲುವ ಹಾಗಿದೆ. ಪಾರಾಗಬಹುದೇ? (ಹಾಸನ)

ಉತ್ತರ: ಪಾರಾಗಬಹುದು, ಆದರೆ ಇನ್ನು ಒಂದೂ ರಜೆ ಹಾಕುವ ಹಾಗಿಲ್ಲ. ಪ್ರತಿ ವಿಷಯಕ್ಕೂ ಶೇ. 85 ಬೇಕು. ನಿಮ್ಮದು ಈಗ ಶೇ. 78ರ ಹತ್ತಿರ. ವಿಷಯಕ್ಕೆ ಒಟ್ಟು 40 ತರಗತಿ ಎಂದಿಟ್ಟುಕೊಂಡರೆ ಉಳಿದ 13ಕ್ಕೂ ಹೋದಾಗ 34 ಆಗುತ್ತದೆ, ಅಂದರೆ ಕರೆಕ್ಟಾಗಿ 85. ಸಕಾರಣವಿದ್ದರೆ ಪ್ರಾಂಶುಪಾಲರ ಶಿಫಾರಸಿನ ಮೇಲೆ ಶೇ. 10ರವರೆಗಿನ ಕೊರತೆ ಮನ್ನಾ ಆಗುವ ಅವಕಾಶವುಂಟು. ಅದನ್ನು ನೆಚ್ಚಿಕೊಂಡು ಕೂರಬೇಡಿ. ಡ್ರೈವ್‌ಗೆ ಹೋದ ದಿನಗಳ ಓಡಿ (ಆನ್ ಡ್ಯೂಟಿ) ಪತ್ರವನ್ನು ಪ್ಲೇಸ್‌ಮೆಂಟ್ ಸೆಲ್‌ನಿಂದ ಅದೇ ವಾರ ಬರೆಸಿಕೊಂಡು ವಿಷಯದ ಮೇಷ್ಟ್ರಿಗೆ ತಲುಪಿಸಿ. ಸೆಮಿಸ್ಟರ್ ಕೊನೆಯಲ್ಲಿ ಒಟ್ಟಿಗೆ ಒಯ್ದರೆ ರಿಜಿಸ್ಟರ್ ತಿದ್ದಲು ಯಾರೂ ಒಪ್ಪುವುದಿಲ್ಲ.

ಅಂಕದ ಲೆಕ್ಕದಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಸಿಐಇಯಲ್ಲಿ ಕನಿಷ್ಠ 20, ಎಸ್‌ಇಇಯಲ್ಲಿ (ಸೆಮಿಸ್ಟರ್ ಕೊನೆಯ ಪರೀಕ್ಷೆ, 100ರ ಅಂಕವನ್ನು 50ಕ್ಕೆ ಇಳಿಸುತ್ತಾರೆ) ಕನಿಷ್ಠ 18 ಎಂಬುದನ್ನಷ್ಟೇ ಓದಿಕೊಂಡಿರುತ್ತಾರೆ. ಎರಡೂ ಸೇರಿ 40 ಆಗಲೇಬೇಕು. 21 ಮತ್ತು 18 ಕೂಡಿದರೆ 39, ಅಂದರೆ ಫೇಲ್. ನಿಮಗೆ 19 ಬೇಕು, ಅಂದರೆ 100ರ ಪತ್ರಿಕೆಯಲ್ಲಿ 38. ಐದು ಮಾಡ್ಯೂಲ್, ಒಂದೊಂದರಿಂದ 20 ಅಂಕದ ಒಂದು ಪೂರ್ಣ ಪ್ರಶ್ನೆ. ಐದನ್ನೂ ಅರೆಬರೆ ಓದುವುದಕ್ಕಿಂತ ನಾಲ್ಕನ್ನು ಗಟ್ಟಿ ಮಾಡಿಕೊಳ್ಳುವುದು ಮೇಲು. ಐದನೆಯದನ್ನು ಖಾಲಿ ಬಿಡದೆ ಚಿತ್ರ, ವ್ಯಾಖ್ಯೆಗಳನ್ನಾದರೂ ಬರೆದು ಬನ್ನಿ.

ಪ್ರಶ್ನೆ: ಮೇಜರ್ ಪ್ರಾಜೆಕ್ಟ್‌ಗೆ ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಟ್ರೋಲರ್ ಬೋರ್ಡ್) ಬಳಸಿ ಹೊಲಕ್ಕೆ ನೀರುಣಿಸುವ ಸಾಧನ ಮಾಡಿದ್ದೇವೆ. ಪಂಪ್ ಆನ್ ಆದ ತಕ್ಷಣ ಬೋರ್ಡ್ ರೀಸೆಟ್ ಆಗುತ್ತದೆ. ವೈಫೈ ಸೇರಿಸಿದ ಮೇಲೆ ತೇವಾಂಶದ ರೀಡಿಂಗ್ ಕೂಡ ಕೆಟ್ಟಿದೆ. ಕೋಡ್ ಹತ್ತು ಸಲ ನೋಡಿದೆವು. (ದಾವಣಗೆರೆ)

ಉತ್ತರ: ಕೋಡ್ ಬಿಡಿ, ತಂತಿ ನೋಡಿ. ಇವು ಎರಡು ಬೇರೆ ಬೇರೆ ರೋಗಗಳು.

ಮೊದಲು ರೀಸೆಟ್. ಸೀರಿಯಲ್ ಮಾನಿಟರ್‌ನಲ್ಲಿ ‘ಬ್ರೌನ್‌ಔಟ್ ಡಿಟೆಕ್ಟರ್’ ಎಂಬ ಸಾಲು ಕಾಣುತ್ತಿದ್ದರೆ ಬೋರ್ಡ್‌ಗೆ ವೋಲ್ಟೇಜ್ ಸಾಲುತ್ತಿಲ್ಲ ಎಂದರ್ಥ. ವೈಫೈ ಸಿಗ್ನಲ್ ಕಳಿಸುವ ಕ್ಷಣಗಳಲ್ಲಿ ಇಎಸ್‌ಪಿ32 ನೂರಾರು ಮಿಲಿಆಂಪ್ ಎಳೆಯುತ್ತದೆ. ಪಂಪ್ ಕೂಡ ಅದೇ ಯುಎಸ್‌ಬಿ ಕೇಬಲ್‌ನಿಂದ ಎಳೆದರೆ ವೋಲ್ಟೇಜ್ ಬಿದ್ದೇ ಬೀಳುತ್ತದೆ. ಬ್ರೌನ್‌ಔಟ್ ಪರೀಕ್ಷೆಯನ್ನೇ ಕೋಡ್‌ನಲ್ಲಿ ಆಫ್ ಮಾಡಿ ಎಂಬ ಸಲಹೆ ಇಂಟರ್‌ನೆಟ್‌ನಲ್ಲಿ ಧಾರಾಳವಾಗಿ ಸಿಗುತ್ತದೆ. ಅದು ಜ್ವರ ಇಳಿಸಲು ಥರ್ಮಾಮೀಟರ್ ಒಡೆದಂತೆ. ಪಂಪ್‌ಗೆ ಪ್ರತ್ಯೇಕ ಅಡಾಪ್ಟರ್ ಕೊಡಿ. ಪಂಪ್‌ನ ಎರಡು ತುದಿಗಳ ನಡುವೆ 1ಎನ್4007 ಡಯೋಡ್ ಹಾಕಿ, ಪಟ್ಟೆ ಇರುವ ತುದಿ ಪಾಸಿಟಿವ್ ಕಡೆಗಿರಲಿ. ಬೋರ್ಡ್‌ನ 5 ವೋಲ್ಟ್ ಮತ್ತು ಗ್ರೌಂಡ್ ಪಿನ್‌ಗಳ ಪಕ್ಕದಲ್ಲೇ 470 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಕೂರಿಸಿ. ರಿಲೇ ಬದಲು ಟ್ರಾನ್ಸಿಸ್ಟರ್‌ನಿಂದ ಪಂಪ್ ನಡೆಸುತ್ತಿದ್ದರೆ ಎರಡೂ ಅಡಾಪ್ಟರ್‌ಗಳ ಗ್ರೌಂಡ್ ಒಂದಾಗಿರಬೇಕು. ಇದನ್ನು ಮರೆತರೆ ಪಂಪ್ ತನ್ನಿಷ್ಟಕ್ಕೆ ಓಡುತ್ತದೆ.

ಇನ್ನು ರೀಡಿಂಗ್. ಈ ಚಿಪ್‌ನಲ್ಲಿ ಎರಡು ಎಡಿಸಿಗಳಿವೆ, ಅಂದರೆ ಸೆನ್ಸರ್‌ನ ವೋಲ್ಟೇಜನ್ನು ಅಂಕಿಯಾಗಿಸುವ ಭಾಗಗಳು. ವೈಫೈ ಆನ್ ಇರುವಾಗ ಎರಡನೆಯದನ್ನು ನೆಚ್ಚುವಂತಿಲ್ಲ. ಸೆನ್ಸರ್ ಅನ್ನು ಆ ಎರಡನೆಯದಕ್ಕೆ ಸೇರಿದ 4, 13, 14, 25, 26, 27ರಂಥ ಪಿನ್‌ಗೆ ಹಾಕಿದ್ದೀರಿ ಎಂಬುದು ನಮ್ಮ ಊಹೆ. ಮೊದಲನೆಯದಕ್ಕೆ ಸೇರಿದ 32ರಿಂದ 35ರೊಳಗಿನ ಒಂದಕ್ಕೆ ಬದಲಿಸಿ. 34 ಮತ್ತು 35 ಇನ್‌ಪುಟ್‌ಗೆ ಮಾತ್ರ, ಅವಕ್ಕೆ ರಿಲೇ ಕೊಡಬೇಡಿ. 12ನೇ ಪಿನ್‌ನಿಂದಲೂ ದೂರವಿರಿ: ಬೂಟ್ ಆಗುವಾಗ ಅದು ಹೈ ಇದ್ದರೆ ಬೋರ್ಡ್ ಏಳುವುದೇ ಇಲ್ಲ. ಟ್ಯಾಂಕ್ ಮಟ್ಟಕ್ಕೆ ಎಚ್‌ಸಿ-ಎಸ್‌ಆರ್04 ಎಂಬ ದೂರ ಅಳೆಯುವ ಸೆನ್ಸರ್ ಬಳಸುತ್ತಿದ್ದರೆ ಅದರ ಎಕೋ ಪಿನ್ 5 ವೋಲ್ಟ್ ಕೊಡುತ್ತದೆ, ಬೋರ್ಡ್ ತಾಳುವುದು 3.3. ಎಕೋದಿಂದ ಬೋರ್ಡ್ ಪಿನ್‌ಗೆ 1 ಕಿಲೋಓಮ್, ಆ ಪಿನ್‌ನಿಂದ ಗ್ರೌಂಡ್‌ಗೆ 2 ಕಿಲೋಓಮ್ ಹಾಕಿದರೆ ಸರಿಹೋಗುತ್ತದೆ. ಎರಡು ಕಡ್ಡಿಗಳ ತೇವಾಂಶ ಸೆನ್ಸರ್ ಒದ್ದೆ ಮಣ್ಣಲ್ಲಿ ಬೇಗ ತುಕ್ಕು ಹಿಡಿಯುತ್ತದೆ, ಕೆಪಾಸಿಟಿವ್ ಮಾದರಿ ತನ್ನಿ.

ಡೆಮೊ ದಿನ ಕಾಲೇಜಿನ ವೈಫೈ ನಂಬಬೇಡಿ. ಬ್ರೌಸರ್‌ನಲ್ಲಿ ಲಾಗಿನ್ ಕೇಳುವ ಜಾಲಕ್ಕೆ ಈ ಬೋರ್ಡ್ ಸುಲಭವಾಗಿ ಸೇರುವುದಿಲ್ಲ. ಫೋನ್ ಹಾಟ್‌ಸ್ಪಾಟ್ ಇಟ್ಟುಕೊಳ್ಳಿ, ಅದನ್ನು 2.4 ಗಿಗಾಹರ್ಟ್ಸ್‌ಗೆ ಬದಲಿಸಿ. 5 ಗಿಗಾಹರ್ಟ್ಸ್ ಜಾಲ ಇಎಸ್‌ಪಿ32ಕ್ಕೆ ಕಾಣುವುದೇ ಇಲ್ಲ. ಬೆಂಗಳೂರಿನ ಎಸ್‌.ಪಿ. ರೋಡ್ ಕಡೆ ಯಾರಾದರೂ ಹೊರಟಿದ್ದರೆ ಇನ್ನೊಂದು ಬೋರ್ಡ್ ತರಿಸಿ, ಅದೇ ಪ್ರೋಗ್ರಾಂ ತುಂಬಿ ಇಟ್ಟುಕೊಳ್ಳಿ.

ಪ್ರಶ್ನೆ: ಕನ್ನಡ ವಿಮರ್ಶೆಗಳು ಹೊಗಳಿಕೆಯೋ ತೆಗಳಿಕೆಯೋ ಎಂದು ಗುರುತಿಸುವ ಪ್ರಾಜೆಕ್ಟ್ ನಮ್ಮದು. ಇಂಗ್ಲಿಷ್‌ನಲ್ಲಿ ಚೆನ್ನಾಗಿ ನಡೆದ ಕೋಡ್ ಕನ್ನಡಕ್ಕೆ ಬಂದರೆ ಮುಗ್ಗರಿಸುತ್ತದೆ. ಇನ್ನಷ್ಟು ಡೇಟಾ ಬೇಕೇ? (ಧಾರವಾಡ)

ಉತ್ತರ: ಡೇಟಾಗೆ ಮುಂಚೆ ಟೋಕನ್‌ಗಳನ್ನು (ಕೋಡ್ ಪಠ್ಯವನ್ನು ಒಡೆದು ಮಾಡಿದ ಪದಗಳನ್ನು) ಪ್ರಿಂಟ್ ಮಾಡಿ ನೋಡಿ. ಪೈಥಾನ್‌ನ ಸೈಕಿಟ್-ಲರ್ನ್ ಲೈಬ್ರರಿಯಲ್ಲಿ ಪದ ಎಣಿಸುವ ಕೌಂಟ್‌ವೆಕ್ಟರೈಸರ್ ಅಥವಾ ಟಿಎಫ್-ಐಡಿಎಫ್ ವೆಕ್ಟರೈಸರ್ ಅನ್ನು ಇದ್ದ ಹಾಗೇ ಬಳಸಿದ್ದರೆ ಪದಗಳು ಚೂರುಚೂರಾಗಿರುತ್ತವೆ. ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪದ ಹುಡುಕುವ ಮಾದರಿ) ಕಾಗುಣಿತದ ಚಿಹ್ನೆಗಳನ್ನೂ ಅರ್ಧಾಕ್ಷರದ ಚಿಹ್ನೆಯನ್ನೂ ಅಕ್ಷರವೆಂದು ಎಣಿಸುವುದಿಲ್ಲ, ಅಲ್ಲಲ್ಲೇ ಪದ ಕತ್ತರಿಸುತ್ತದೆ. ‘ಕನ್ನಡ’ ಎಂಬುದು ‘ಕನ’, ‘ನಡ’ ಎಂದು ಎರಡಾಗುತ್ತದೆ. ‘ಪುಸ್ತಕ’ದಲ್ಲಿ ಉಳಿಯುವುದು ‘ತಕ’ ಮಾತ್ರ, ಏಕೆಂದರೆ ಒಂಟಿ ಅಕ್ಷರದ ಚೂರುಗಳನ್ನು ಅದು ಎಸೆದುಬಿಡುತ್ತದೆ. ಇಂಥ ಚೂರುಗಳ ಮೇಲೆ ಎಷ್ಟು ತರಬೇತಿ ಕೊಟ್ಟರೂ ವ್ಯರ್ಥ.

ಟೋಕನ್ ಪ್ಯಾಟರ್ನ್ ನೀವೇ ಕೊಡಿ. ಯೂನಿಕೋಡ್‌ನಲ್ಲಿ ಕನ್ನಡದ ವ್ಯಾಪ್ತಿ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ. ಅದರ ಜೊತೆ 200ಸಿ ಮತ್ತು 200ಡಿ ಸೇರಿಸಿ. ಇವು ‘ಸಾಫ್ಟ್‌ವೇರ್’ನಂಥ ಪದಗಳ ನಡುವೆ ಕಣ್ಣಿಗೆ ಕಾಣದಂತೆ ಕೂತಿರುವ ಕೋಡ್‌ಗಳು. ಕೆಲವರು ಅವನ್ನು ಹಾಕಿ ಟೈಪ್ ಮಾಡುತ್ತಾರೆ, ಕೆಲವರು ಹಾಕುವುದಿಲ್ಲ, ಹೀಗಾಗಿ ಒಂದೇ ಪದ ನಿಮ್ಮ ಪಟ್ಟಿಯಲ್ಲಿ ಎರಡಾಗುತ್ತದೆ. ಪದ ಬೇರ್ಪಡಿಸಿದ ಮೇಲೆ ಮಾಡೆಲ್‌ಗೆ ಕೊಡುವ ಪ್ರತಿಯಿಂದ ಅವನ್ನು ತೆಗೆದುಹಾಕಿ, ತೆರೆಯಲ್ಲಿ ತೋರಿಸುವ ಪಠ್ಯದಲ್ಲಿ ಹಾಗೇ ಬಿಡಿ. ಎಲ್ಲಕ್ಕಿಂತ ಮೊದಲು ಎನ್‌ಎಫ್‌ಸಿ ನಾರ್ಮಲೈಸೇಶನ್ (ಒಂದೇ ಅಕ್ಷರದ ಬೇರೆ ಬೇರೆ ಕೋಡ್‌ಗಳನ್ನು ಒಂದು ರೂಪಕ್ಕೆ ತರುವ ಕ್ರಮ) ನಡೆಸಿ: ‘ಕೊ’ದ ಒತ್ವ ಒಂದೇ ಕೋಡ್ ಆಗಿರಬಹುದು, ಎತ್ವ ಮತ್ತು ಊಕಾರದ ಎರಡು ಚಿಹ್ನೆಗಳ ಜೋಡಿಯೂ ಆಗಿರಬಹುದು. ನೋಡಲು ಎರಡೂ ಒಂದೇ. ಹಳೆಯ ನುಡಿ ಫಾಂಟ್‌ನ ಕಡತಗಳಿದ್ದರೆ ಯೂನಿಕೋಡ್‌ಗೆ ಪರಿವರ್ತಿಸದೆ ಮುಟ್ಟಬೇಡಿ. ವೈವಾದಲ್ಲಿ ‘ಪುಸ್ತಕ’ದ ಉದಾಹರಣೆಯನ್ನೇ ತೋರಿಸಿ, ಅಕ್ಯುರಸಿ ಅಂಕಿಗಿಂತ ಅದಕ್ಕೆ ಬೆಲೆ ಹೆಚ್ಚು.

ಪ್ರಶ್ನೆ: ಪ್ಯಾರಲಲ್ ಕಂಪ್ಯೂಟಿಂಗ್ ಲ್ಯಾಬ್‌ನಲ್ಲಿ ಓಪನ್‌ಎಂಪಿ (ಕೆಲಸವನ್ನು ಥ್ರೆಡ್‌ಗಳಿಗೆ, ಅಂದರೆ ಏಕಕಾಲಕ್ಕೆ ನಡೆಯುವ ಎಳೆಗಳಿಗೆ, ಹಂಚುವ ವಿಧಾನ) ಪ್ರೋಗ್ರಾಂ ನಾಲ್ಕು ಥ್ರೆಡ್‌ಗಳಲ್ಲಿ ಓಡಿಸಿದರೂ ಸಮಯ ಕಡಿಮೆಯಾಗುತ್ತಿಲ್ಲ. (ಮೈಸೂರು)

ಉತ್ತರ: ಸಮಯ ಅಳೆಯಲು ಸಿ ಭಾಷೆಯ ‘ಕ್ಲಾಕ್’ ಬಳಸಿದ್ದೀರಾ? ಲಿನಕ್ಸ್‌ನಲ್ಲಿ ಅದು ಎಲ್ಲ ಥ್ರೆಡ್‌ಗಳ ಸಿಪಿಯು ಸಮಯವನ್ನೂ ಕೂಡಿಸುತ್ತದೆ. ಗಡಿಯಾರದ ನಿಜ ಸಮಯ ಕೊಡುವ ‘ಓಎಂಪಿ ಗೆಟ್ ಡಬ್ಲ್ಯುಟೈಮ್’ ಬಳಸಿ. ಆಗಲೂ ಹಾಗೇ ಇದ್ದರೆ ಲೂಪ್‌ನೊಳಗೆ ‘ಕ್ರಿಟಿಕಲ್’ (ಒಮ್ಮೆಗೆ ಒಂದೇ ಥ್ರೆಡ್ ಒಳಬಿಡುವ ಆದೇಶ) ಇದೆಯೇ ನೋಡಿ, ಮೊತ್ತಕ್ಕೆ ‘ರಿಡಕ್ಷನ್’ (ಥ್ರೆಡ್‌ಗಳ ಬಿಡಿ ಮೊತ್ತಗಳನ್ನು ಕೊನೆಗೆ ಕೂಡಿಸುವ ಆದೇಶ) ಸಾಕು. ಪ್ರೋಗ್ರಾಂನ ಶೇ. 10 ಭಾಗ ಸರಣಿಯಲ್ಲೇ ನಡೆಯಬೇಕಿದ್ದರೆ 8 ಥ್ರೆಡ್‌ಗಳಿಂದಲೂ ಸಿಗುವ ವೇಗ 4.7 ಪಟ್ಟು ಮಾತ್ರ, 8 ಪಟ್ಟಲ್ಲ. ಆಮ್ಡಾಲ್ ನಿಯಮದ ಈ ಲೆಕ್ಕವನ್ನು ವೈವಾದಲ್ಲಿ ಕೇಳಿಯೇ ಕೇಳುತ್ತಾರೆ.

ಪ್ರಶ್ನೆ: ಎಪಿಐ ಕೀ (ಹೊರಗಿನ ಸೇವೆ ಬಳಸಲು ಕೊಡುವ ಗುಪ್ತ ಕೋಡ್) ಇದ್ದ ಕಡತ ಗಿಟ್‌ಹಬ್‌ಗೆ ಹೋಗಿಬಿಟ್ಟಿತ್ತು. ಡಿಲೀಟ್ ಮಾಡಿದ್ದೇನೆ. ಸಾಕಲ್ಲವೇ? (ಮಂಗಳೂರು)

ಉತ್ತರ: ಸಾಲದು. ಹಳೆಯ ಕಮಿಟ್‌ಗಳಲ್ಲಿ (ಗಿಟ್ ಉಳಿಸಿಟ್ಟ ಹಿಂದಿನ ಪ್ರತಿಗಳಲ್ಲಿ) ಕೀ ಇನ್ನೂ ಇದೆ. ಇವತ್ತೇ ಅದನ್ನು ರದ್ದುಮಾಡಿ ಹೊಸದು ಪಡೆಯಿರಿ. ಆಮೇಲೆ ಆ ಕಡತದ ಹೆಸರನ್ನು ಗಿಟ್‌ಇಗ್ನೋರ್‌ಗೆ (ಗಿಟ್ ಕಡೆಗಣಿಸಬೇಕಾದ ಕಡತಗಳ ಪಟ್ಟಿಗೆ) ಸೇರಿಸಿ.