ಪೋಷಕರೊಬ್ಬರ ಪ್ರಶ್ನೆ: ಮಗುವಿಗೆ ಬಲಗೈ ಸ್ವಾಧೀನವಿಲ್ಲ. ಆದರೆ ಥೆರಪಿಸ್ಟ್ ಚೆನ್ನಾಗಿರುವ ಎಡಗೈಗೆ ಕೈಗವಸು ಹಾಕಿಸುತ್ತಾರೆ. ಯಾಕೆ?

ಬಲಗೈಗೆ ಕೆಲಸ ಸಿಗಲಿ ಎಂದು. ಎಡಗೈ ಬಿಡುವಾಗಿದ್ದರೆ ಮಗು ಎಲ್ಲದಕ್ಕೂ ಅದನ್ನೇ ಚಾಚುತ್ತದೆ. ಬಲಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಸುಮ್ಮನಿದ್ದುಬಿಡುತ್ತದೆ. ಸೆರೆಬ್ರಲ್ ಪಾಲ್ಸಿಯಿಂದ (ಬೆಳೆಯುವ ಮೆದುಳಿಗೆ ಆದ ಹಾನಿಯಿಂದ ಚಲನೆಗೆ ಬರುವ ತೊಂದರೆ) ದೇಹದ ಒಂದೇ ಬದಿ ಸೋತಿರುವ ಮಕ್ಕಳಲ್ಲಿ ಇದು ಸಾಮಾನ್ಯ.

ಹಾನಿಯಾಗಿರುವುದು ಕೈಗಲ್ಲ, ಮೆದುಳಿಗೆ. ಎಳೆಯ ಮೆದುಳಿನಿಂದ ಬೆನ್ನುಹುರಿಗೆ ಇಳಿಯುವ ನರದ ಎಳೆಗಳಲ್ಲಿ ಬಳಕೆಯಾದವು ಗಟ್ಟಿಯಾಗುತ್ತವೆ, ಬಳಸದವು ಹಿಂದೆ ಸರಿಯುತ್ತವೆ, ಜನ ಓಡಾಡದ ಕಾಲುದಾರಿಯಲ್ಲಿ ಹುಲ್ಲು ಬೆಳೆದ ಹಾಗೆ. ಅದಕ್ಕೇ ಬೇಗ ಶುರುಮಾಡಬೇಕು. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟಾಬ್ ಇದರ ಒಂದು ರೂಪವನ್ನು ಮಂಗಗಳಲ್ಲಿ ಕಂಡಿದ್ದರು: ಸ್ಪರ್ಶ ಹೋದ ಕೈಯನ್ನು ಬಳಸುವುದನ್ನೇ ಬಿಟ್ಟಿದ್ದ ಅವು, ಒಳ್ಳೆಯ ಕೈಯನ್ನು ಕಟ್ಟಿದಾಗ ಮತ್ತೆ ಬಳಸತೊಡಗಿದವು.

ಆದರೆ ಬರೀ ಕೈಗವಸು ಚಿಕಿತ್ಸೆಯಲ್ಲ. ಆ ಹೊತ್ತಿನಲ್ಲಿ ಕೊಡುವ ಆಟವೇ ಮುಖ್ಯ. ಅದು ಸ್ವಲ್ಪ ಕಷ್ಟವಿರಬೇಕು, ಆದರೆ ಮಗು ಗೆಲ್ಲುವಂತಿರಬೇಕು: ಮೊದಲು ಡಬ್ಬಿಯಿಂದ ಸ್ಪಂಜು ಎಳೆಯುವುದು, ಅದು ಬಂದ ಮೇಲೆ ಲೋಟ ಹಿಡಿಯುವುದು. ಮಗು ಅತ್ತು ಕೈಬಿಟ್ಟರೆ ಆಟವನ್ನು ಸುಲಭ ಮಾಡಿ, ಗದರಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಸಾಮಾನ್ಯವಾಗಿ ದಿನಕ್ಕೆ 30 ನಿಮಿಷದಷ್ಟು ಮಾಡಿಸುತ್ತಾರೆ. ನಿಮ್ಮ ಮಗುವಿಗೆ ಎಷ್ಟು ಹೊತ್ತು ಎಂದು ಥೆರಪಿಸ್ಟರನ್ನೇ ಕೇಳಿ. ನಡೆಯುವಾಗ, ಮೆಟ್ಟಿಲೇರುವಾಗ ಕೈಗವಸು ಬೇಡ, ಬಿದ್ದರೆ ಊರಲು ಕೈ ಬೇಕು. ಮುಂದೆ ಕಿತ್ತಳೆ ಸುಲಿಯುವಂಥ ಎರಡು ಕೈಯ ಕೆಲಸಗಳನ್ನೂ ಕಲಿಸುತ್ತಾರೆ.

ಇದನ್ನು ಓದುತ್ತಿರುವ ಬೇರೆ ಪೋಷಕರಿಗೂ ಒಂದು ಮಾತು: ವರ್ಷ ತುಂಬುವ ಮೊದಲೇ ಕೂಸು ಒಂದೇ ಕೈ ಬಳಸುತ್ತಿದ್ದರೆ, "ಎಡಚ ಇರಬೇಕು" ಎಂದು ಸುಮ್ಮನಾಗದೆ ಮಕ್ಕಳ ಡಾಕ್ಟರಿಗೆ ತೋರಿಸಿ.