ವಿಂಡ್ ಟನಲ್ ಮಾಡೆಲ್‌ಗೆ ಪೇಂಟ್ ಹೊಡೆಯೋಕೆ ರೋಬೋಟ್ ಯಾಕೆ?

ವಿಂಡ್ ಟನಲ್‌ನಲ್ಲಿ, ಅಂದರೆ ಜೋರಾಗಿ ಗಾಳಿ ಬಿಟ್ಟು ಪರೀಕ್ಷೆ ಮಾಡುವ ಸುರಂಗದಲ್ಲಿ, ಇಡುವ ವಿಮಾನದ ರೆಕ್ಕೆಯ ಮಾಡೆಲ್‌ಗೆ ಪ್ರೆಶರ್ ಸೆನ್ಸಿಟಿವ್ ಪೇಂಟ್ (ಗಾಳಿಯ ಒತ್ತಡಕ್ಕೆ ತಕ್ಕಂತೆ ಹೊಳಪು ಬದಲಾಗುವ ಪೇಂಟ್) ಹೊಡೆಯುವ ರೋಬೋಟ್ ಮಾಡಿ ಅಂತ ಗೈಡ್ ಹೇಳಿದ್ದಾರೆ, ಕೈಯಲ್ಲೇ ಹೊಡೆದರೆ ಆಗಲ್ವಾ, ಇದರಲ್ಲಿ ರಿಸರ್ಚ್ ಏನಿದೆ ಅಂತ ಕೇಳಿದ್ದೀರಿ. ಎಂ.ಟೆಕ್‌ನಲ್ಲಿ ನಾನೂ ಇದನ್ನೇ ಕೇಳಿದ್ದೆ. ಆಮೇಲೆ ಒಂಬತ್ತು ತಿಂಗಳು ಅದರಲ್ಲೇ ಕಳೆದೆ.

ಕೈಯಲ್ಲೂ ಆಗುತ್ತದೆ. ಪಳಗಿದ ಕೈ ಇದ್ದರೆ ಚೆನ್ನಾಗಿಯೇ ಆಗುತ್ತದೆ. ಆದರೆ ಅದೇ ಪೇಂಟ್ ಕೆರೆದು ಮುಂದಿನ ವಾರ ಮತ್ತೆ ಹೊಡೆದಾಗ ಅದೇ ದಪ್ಪ ಬರುತ್ತಾ ನೋಡಿ. ನಮಗಂತೂ ಬರಲಿಲ್ಲ.

ದಪ್ಪದ ಗೊಡವೆ ಯಾಕೆ ಅಂದರೆ, ಈ ಪೇಂಟ್ ಕೆಲಸ ಮಾಡುವ ರೀತಿಯೇ ಹಾಗಿದೆ. ಅದರೊಳಗಿನ ಡೈ (ಹೊಳೆಯುವ ಬಣ್ಣದ ವಸ್ತು) ಮೇಲೆ ಯುವಿ ಬೆಳಕು ಬಿಟ್ಟರೆ ಕೆಂಪಗೆ ಹೊಳೆಯುತ್ತದೆ. ಆಕ್ಸಿಜನ್ ಜಾಸ್ತಿಯಾದಷ್ಟೂ ಆ ಹೊಳಪು ಮಂಕಾಗುತ್ತದೆ. ಗಾಳಿಯ ಒತ್ತಡ ಹೆಚ್ಚಿರುವ ಜಾಗದಲ್ಲಿ ಆಕ್ಸಿಜನ್ನೂ ಜಾಸ್ತಿ, ಹಾಗಾಗಿ ಅಲ್ಲಿ ಮಂಕು, ಒತ್ತಡ ಕಡಿಮೆ ಇರುವಲ್ಲಿ ಪ್ರಖರ. ಆದರೆ ಪೇಂಟ್ ದಪ್ಪಗಿದ್ದಲ್ಲಿ ಡೈ ಜಾಸ್ತಿ ಇರುವುದರಿಂದ ಅಲ್ಲೂ ಹೊಳಪು ಜಾಸ್ತಿ. ಮಾಡೆಲ್‌ನಲ್ಲಿ ತೂತು ಕೊರೆದು ಅಳೆದರೆ ಆ ತೂತುಗಳಿದ್ದಲ್ಲಿ ಮಾತ್ರ ಒತ್ತಡ ಗೊತ್ತಾಗುತ್ತದೆ, ಇಲ್ಲಿ ಕ್ಯಾಮೆರಾದ ಒಂದೊಂದು ಪಿಕ್ಸೆಲ್ಲೂ ಒಂದು ಅಳತೆ. 1980ರ ದಶಕದಲ್ಲಿ ಸೋವಿಯತ್ ಒಕ್ಕೂಟದಲ್ಲೂ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲೂ ಬೇರೆ ಬೇರೆಯಾಗಿ ಬೆಳೆದ ವಿದ್ಯೆ ಇದು. ನಮ್ಮ ಬೆಂಗಳೂರಿನ ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ನವರೂ ಇದರಲ್ಲಿ ಕೆಲಸ ಮಾಡಿದ್ದಾರೆ.

ಗಾಳಿ ಬಿಡುವ ಮೊದಲು ಒಂದು ಫೋಟೋ, ಬಿಟ್ಟಾಗ ಇನ್ನೊಂದು, ಒಂದರ ಹೊಳಪನ್ನು ಇನ್ನೊಂದರಿಂದ ಭಾಗಿಸಿದರೆ ದಪ್ಪದ ಏರುಪೇರು ತಾನಾಗಿ ಹೋಗುತ್ತದೆ ಅಂತ ಪುಸ್ತಕ ಹೇಳುತ್ತದೆ. ನಿಜ, ಮಾಡೆಲ್ ಅಲ್ಲಾಡದಿದ್ದರೆ! ಗಾಳಿಯ ಹೊಡೆತಕ್ಕೆ ರೆಕ್ಕೆ ಒಂಚೂರು ಬಾಗುತ್ತದೆ ಅಲ್ವಾ, ಎರಡು ಫೋಟೋ ಸರಿಯಾಗಿ ಕೂರುವುದಿಲ್ಲ, ಆಗ ಪೇಂಟ್‌ನ ಪಟ್ಟೆಗಳೇ ಒತ್ತಡದ ಪಟ್ಟೆಗಳಂತೆ ಕಾಣುತ್ತವೆ. ನಾನೊಮ್ಮೆ ಅಂಥ ಪಟ್ಟೆಯನ್ನು ಶಾಕ್ ವೇವ್ (ಅತಿವೇಗದ ಹರಿವಿನಲ್ಲಿ ಒತ್ತಡ ಥಟ್ಟನೆ ಏರುವ ಗೆರೆ) ಅಂದುಕೊಂಡು ಎರಡು ದಿನ ಖುಷಿಯಾಗಿದ್ದೆ.

ಇನ್ನು ರೋಬೋಟ್. ತೋಳಿಗೆ ಸ್ಪ್ರೇ ಗನ್ ಕಟ್ಟಿ ದಾರಿ ಬರೆದುಕೊಟ್ಟರೆ ಮುಗಿಯಿತು ಅನ್ನಿಸುತ್ತದೆ. ನಮ್ಮ ಮೊದಲ ರೆಕ್ಕೆಯ ನಡುಭಾಗ ಚೆನ್ನಾಗಿ ಬಂತು, ಎರಡು ತುದಿಯಲ್ಲಿ ಮಾತ್ರ ಪೇಂಟ್ ದಪ್ಪಗೆ ನಿಂತಿತ್ತು. ಕೋಡ್‌ನಲ್ಲಿ ತಪ್ಪು ಹುಡುಕಿ ಸುಸ್ತಾಗಿದ್ದಾಗ, ಕಾಲೇಜಿನ ಹಿಂದಿನ ರಸ್ತೆಯಲ್ಲಿ ಕಾರಿಗೆ ಪೇಂಟ್ ಹೊಡೆಯುವ ಅಣ್ಣನೊಬ್ಬ ವಿಡಿಯೋ ನೋಡಿ ನಕ್ಕ. "ಸಾರ್, ನಿಮ್ ಮಿಷಿನ್ನು ತುದೀಲಿ ನಿಂತು ತಿರುಗ್ತಾ ಇದೆ. ಗನ್ ಹೊರಗಡೆನೇ ಬಿಟ್ಕೊಂಡು ಒಳಗೆ ಬರಬೇಕು, ಆ ಕಡೆ ಹೊರಗೆ ಹೋದ್ಮೇಲೇ ನಿಲ್ಲಿಸಬೇಕು." ಅಷ್ಟೇ ವಿಷಯ. ತಿರುಗುವಾಗ ತೋಳು ನಿಧಾನವಾಗುತ್ತದೆ, ವೇಗ ಅರ್ಧವಾದರೆ ಅಲ್ಲಿ ಬೀಳುವ ಪೇಂಟ್ ಎರಡರಷ್ಟು. ಎರಡೂ ಕಡೆ ಹತ್ತು ಸೆಂಟಿಮೀಟರ್ ದಾರಿ ಉದ್ದ ಮಾಡಿದೆವು, ದಪ್ಪ ಸರಿಹೋಯಿತು.

ಕಷ್ಟ ಕೊಟ್ಟಿದ್ದು ರೆಕ್ಕೆಯ ಮುಂದಿನ ಅಂಚು. ಅಲ್ಲಿ ಬಾಗು ಜಾಸ್ತಿ. ಮೇಲ್ಮೈಯಿಂದ ಗನ್ ಸ್ವಲ್ಪ ದೂರವಾದರೂ ಹನಿ ಗಾಳಿಯಲ್ಲೇ ಒಣಗಿ ಪುಡಿಯಾಗಿ ಕೂರುತ್ತದೆ. ಬೆರಳಾಡಿಸಿದರೆ ಸಣ್ಣ ಉಪ್ಪುಕಾಗದ ಮುಟ್ಟಿದ ಹಾಗೆ. ಆ ಒರಟಿಗೇ ಗಾಳಿಯ ಹರಿವು ಬೇಗ ಕದಡುತ್ತದೆ, ಆಮೇಲೆ ನೀವು ಅಳೆಯುವುದು ರೆಕ್ಕೆಯನ್ನೋ ಪೇಂಟನ್ನೋ ದೇವರೇ ಬಲ್ಲ. ದಪ್ಪ ಅಳೆಯುವ ಗೇಜ್ ಕೂಡ ಬಾಗಿನ ಮೇಲೆ ಸರಿಯಾಗಿ ತೋರಿಸುವುದಿಲ್ಲ. ನಿಮ್ಮ ಪ್ರಾಜೆಕ್ಟ್‌ನ ಸರಕು ಇರುವುದು ಇಲ್ಲೇ: ಗನ್ ದೂರ, ಕೋನ, ವೇಗ ಒಂದೊಂದನ್ನೇ ಬದಲಿಸಿ ಅಂಚಿನಲ್ಲಿ ಏನಾಗುತ್ತದೆ ಅಂತ ಬರೆದಿಡಿ.

ಮೊದಲ ತಿಂಗಳು ಅಸಲಿ ಪೇಂಟ್ ಮುಟ್ಟಬೇಡಿ, ಅದು ದುಬಾರಿ. ಮಾಮೂಲಿ ಲ್ಯಾಕರ್ ತೆಳು ಮಾಡಿಕೊಂಡು ಅಲ್ಯೂಮಿನಿಯಂ ತಗಡಿನ ಮೇಲೆ ಹೊಡೆದು ನೋಡಿ. ಬಟ್ಟೆ ಮಾಸ್ಕ್ ಸಾಲದು, ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಹಾಕಿಕೊಳ್ಳಿ. ನಾನು ಮೊದಲ ವಾರ ಸುಮ್ನೆ ಕರ್ಚೀಫ್ ಕಟ್ಟಿಕೊಂಡು ಹೊಡೆದೆ, ರಾತ್ರಿ ಊಟ ಸೇರುತ್ತಿರಲಿಲ್ಲ.