ಸ್ಟ್ರೇಂಜ್ ಕಣಗಳನ್ನು ಹುಟ್ಟಿಸಲು ಧ್ರುವೀಕೃತ ಫೋಟಾನ್ ಕಿರಣವೇ ಏಕೆ ಬೇಕು?

ಬರಿಯ ಹುಟ್ಟಿಸುವುದಕ್ಕಾದರೆ ಧ್ರುವೀಕರಣ, ಅಂದರೆ ವಿದ್ಯುತ್ ಕ್ಷೇತ್ರ ಒಂದೇ ಸಮತಲದಲ್ಲಿ ಕಂಪಿಸುವುದು, ಬೇಕಿಲ್ಲ: ಸುಮಾರು 911 ಎಂಇವಿಗಿಂತ (ಮೆಗಾ ಎಲೆಕ್ಟ್ರಾನ್ ವೋಲ್ಟ್) ಹೆಚ್ಚು ಶಕ್ತಿಯ ಯಾವುದೇ ಫೋಟಾನ್, ಅಂದರೆ ಬೆಳಕಿನ ಕಣ, ಪ್ರೋಟಾನಿಗೆ ಬಡಿದಾಗ ಸ್ಟ್ರೇಂಜ್ ಎಂಬ ಬಗೆಯ ಕ್ವಾರ್ಕ್ (ಪ್ರೋಟಾನಿನಂಥ ಕಣಗಳ ಒಳಗಿನ ಮೂಲಕಣ) ಮತ್ತು ಅದರ ಪ್ರತಿಕ್ವಾರ್ಕ್ ಜೋಡಿಯಾಗಿ ಹುಟ್ಟಿ, ಮೊದಲನೆಯದು ಲ್ಯಾಂಬ್ಡಾ ಎಂಬ ಸ್ಟ್ರೇಂಜ್ ಕಣದಲ್ಲಿಯೂ ಎರಡನೆಯದು ಧನ ಕೇಯಾನ್ ಎಂಬ ಸ್ಟ್ರೇಂಜ್ ಕಣದಲ್ಲಿಯೂ ಸೇರಿಕೊಳ್ಳಬಹುದು. ಆದರೆ ನಡುವೆ ಕ್ಷಣಮಾತ್ರ ಉಂಟಾಗುವ ಪ್ರೋಟಾನಿನ ಉದ್ರಿಕ್ತ ಸ್ಥಿತಿಗಳು ಒಂದರ ಮೇಲೊಂದು ಬೀಳುವುದರಿಂದ, ಕಣಗಳ ಎಣಿಕೆಯೊಂದರಿಂದಲೇ ಅವುಗಳನ್ನು ಬೇರ್ಪಡಿಸಲಾಗದು. ಫೋಟಾನಿನ ವಿದ್ಯುತ್ ಕ್ಷೇತ್ರ ಕಂಪಿಸುವ ಸಮತಲ ಗೊತ್ತಿದ್ದರೆ, ಅದಕ್ಕೆ ಹೋಲಿಸಿ ಕೇಯಾನುಗಳು ಯಾವ ಕಡೆಗೆ ಹೆಚ್ಚು ಹೊಮ್ಮುತ್ತವೆ ಎಂಬುದು ಆ ಸ್ಥಿತಿಗಳ ಸ್ಪಿನ್ (ಸ್ವಂತ ಕೋನೀಯ ಆವೇಗ) ಹಾಗೂ ಪ್ಯಾರಿಟಿಯ (ಕನ್ನಡಿ ಬಿಂಬದಂತೆ ತಿರುಗಿಸಿದಾಗ ಸ್ಥಿತಿ ಬದಲಾಗುವ ರೀತಿ) ಸುಳಿವು ಕೊಡುತ್ತದೆ. ಅಮೆರಿಕದ ಜೆಫರ್ಸನ್ ಪ್ರಯೋಗಾಲಯದಲ್ಲಿ ಇಂಥ ಕಿರಣವನ್ನು, ಎಲೆಕ್ಟ್ರಾನುಗಳನ್ನು ತೆಳುವಾದ ವಜ್ರದ ಹರಳಿನ ಮೂಲಕ ಹಾಯಿಸಿ ಪಡೆಯುತ್ತಾರೆ. ಲ್ಯಾಂಬ್ಡಾದ ಅನುಕೂಲವೇ ಬೇರೆ: ಅದು ಪ್ರೋಟಾನ್ ಮತ್ತು ಋಣ ಪಯಾನ್ ಎಂಬ ಹಗುರ ಕಣವಾಗಿ ಒಡೆಯುವಾಗ ಪ್ರೋಟಾನ್ ಹೆಚ್ಚಾಗಿ ಲ್ಯಾಂಬ್ಡಾದ ಸ್ಪಿನ್ ದಿಕ್ಕಿಗೇ ಹಾರುವುದರಿಂದ, ಆ ಸ್ಪಿನ್ ಅಳೆಯಲು ಪ್ರತ್ಯೇಕ ಉಪಕರಣವೇ ಬೇಕಿಲ್ಲ.